ಒತ್ತಕ್ಷರ ಕಳೆದುಕೊಂಡ ಲ್ಯಾಪ್‌ಟಾಪ್

ಹುಡುಗಿ: ಚಿಕ್ಕಮ್ಮ, ಇದರಲ್ಲಿ ‘ಕರ್ನಾಟಕ’ ಅಂತ ಹೊಡೆದರೆ ‘ಕನಾಟಕ’ ಅಂತ ಬೀಳುತ್ತೆ. ‘ಬರವಣಿಗೆ’ ಹೊಡೆದರೆ ಬ, ರ, ವ, ಗ ನಾಲ್ಕೂ ಮಾಯ. ಕನ್ನಡ ಹೊಡೆಯುವ ನುಡಿ ತಂತ್ರಾಂಶ ಕೆಟ್ಟಿರಬೇಕು ಅಂತ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಎಂ.ಎ. ಪ್ರಬಂಧ ಅರ್ಧಕ್ಕೆ ನಿಂತಿದೆ.

ಚಿಕ್ಕಮ್ಮ: ಇಂಗ್ಲಿಷಲ್ಲಿ ಹೊಡೆದು ನೋಡಿದೆಯಾ? ಯಾವ ಯಾವ ಕೀ ಸತ್ತಿವೆ?

ಹುಡುಗಿ: ಆರ್, ಟಿ, ಎಫ್, ಜಿ, ವಿ, ಬಿ. ಮೇಲಿನ ಸಾಲಲ್ಲಿ 4 ಮತ್ತು 5.

ಚಿಕ್ಕಮ್ಮ: ಎಲ್ಲಾ ಎಡಗೈ ತೋರುಬೆರಳಿನ ಕೀಗಳು. ಹಾಗಾದರೆ ನುಡಿಯದ್ದು ಏನೂ ತಪ್ಪಿಲ್ಲ. ಚಹಾ ಚೆಲ್ಲಿದ್ದೆಯಾ?

ಹುಡುಗಿ: ಹೋದ ವಾರ ಸ್ವಲ್ಪ. ಒರೆಸಿದೆ. ಆಮೇಲೆ ಚೆನ್ನಾಗಿಯೇ ನಡೀತಿತ್ತು. ಮೊನ್ನೆಯಿಂದ ಹೀಗೆ. ಅದು ನಿಮಗೆ ಹೇಗೆ ಗೊತ್ತಾಯಿತು?

ಚಿಕ್ಕಮ್ಮ: ಒಂದು ಕೀ ಸತ್ತರೆ ಅದರ ಕೆಳಗೆ ಕಸ ಸೇರಿರಬಹುದು, ಕ್ಲಿಪ್ ಮುರಿದಿರಬಹುದು. ಎಂಟು ಕೀ ಒಟ್ಟಿಗೆ ಸತ್ತರೆ ಒಳಗಿನ ಗೆರೆ ಹೋಗಿದೆ ಅಂತಲೇ ಅರ್ಥ. ಕೀಬೋರ್ಡ್ ಒಳಗೆ ಪ್ರತಿ ಕೀಗೂ ಒಂದೊಂದು ತಂತಿ ಇರಲ್ಲಮ್ಮ. ನಮ್ಮ ಬಡಾವಣೆಗಳಲ್ಲಿ ಮೇನ್ ರೋಡು, ಕ್ರಾಸ್ ರೋಡು ಅಂತ ಇರುತ್ತಲ್ಲ, ಹಾಗೆ ಉದ್ದಕ್ಕೆ ಕೆಲವು ಗೆರೆ, ಅಡ್ಡಕ್ಕೆ ಕೆಲವು ಗೆರೆ. ಏಳನೇ ಮೇನು, ಮೂರನೇ ಕ್ರಾಸು ಅಂದರೆ ಮನೆ ಸಿಕ್ಕಿಬಿಡುತ್ತೆ. ಉದ್ದಕ್ಕೆ 16, ಅಡ್ಡಕ್ಕೆ 8 ಗೆರೆ ಇದ್ದರೆ 24 ತಂತಿಯಲ್ಲಿ 128 ಕೀಗಳನ್ನು ಗುರುತಿಸಬಹುದು. ಒಳಗಿರುವ ಒಂದು ಚಿಪ್ಪು ಒಂದೊಂದೇ ಗೆರೆಗೆ ಕರೆಂಟ್ ಕೊಡುತ್ತಾ, ಯಾವ ಅಡ್ಡಗೆರೆ ಅದಕ್ಕೆ ತಾಗಿದೆ ಅಂತ ಒಂದೇ ಸಮ ನೋಡುತ್ತಿರುತ್ತೆ. ನೀನು ಹೇಳಿದ ಎಂಟು ಕೀಗಳು ಎಷ್ಟೋ ಮಾಡೆಲ್‌ಗಳಲ್ಲಿ ಒಂದೇ ಗೆರೆಗೆ ಸೇರಿರುತ್ತವೆ. ಆ ರಸ್ತೆಯೇ ಮುಚ್ಚಿದೆ.

ಹುಡುಗಿ: ಚೆಲ್ಲಿದ ದಿನ ನಡೀತಿತ್ತಲ್ಲ? ವಾರ ಬಿಟ್ಟು ಯಾಕೆ ಹೋಗಬೇಕು?

ಚಿಕ್ಕಮ್ಮ: ಕೀಗಳ ಕೆಳಗೆ ತೆಳ್ಳನೆಯ ಮೂರು ಪ್ಲಾಸ್ಟಿಕ್ ಹಾಳೆ ಇರುತ್ತವೆ. ಮೇಲಿನದರಲ್ಲಿ, ಕೆಳಗಿನದರಲ್ಲಿ ಬೆಳ್ಳಿಯ ಪುಡಿ ಬೆರೆಸಿದ ಮಸಿಯಿಂದ ಗೆರೆ ಅಚ್ಚು ಹಾಕಿರುತ್ತಾರೆ. ನಡುವಿನದರಲ್ಲಿ ಕೀ ಇರುವ ಕಡೆಯೆಲ್ಲ ತೂತು. ಒತ್ತಿದಾಗ ರಬ್ಬರ್ ಬಟ್ಟಲು ಕುಸಿದು, ಮೇಲಿನ ಗೆರೆ ತೂತಿನ ಮೂಲಕ ಕೆಳಗಿನದನ್ನು ಮುಟ್ಟುತ್ತೆ. ಹಾಲು, ಸಕ್ಕರೆ ಇರುವ ಚಹಾ ಒಂದು ಹನಿ ಆ ಹಾಳೆಗಳ ಸಂದಿಗೆ ಇಳಿದರೆ ಹೊರಗೆ ಬರೋ ದಾರಿಯೇ ಇಲ್ಲ. ತೇವ ಇದೆ, ಕರೆಂಟ್ ಹರೀತಿದೆ, ಬೆಳ್ಳಿ ಗೆರೆ ನಿಧಾನವಾಗಿ ಕರಗುತ್ತಾ ಹೋಗುತ್ತೆ. ಒಂದು ದಿನ ತುಂಡಾಗುತ್ತೆ. ಇನ್ನು ಮುಂದೆ ಏನಾದರೂ ಚೆಲ್ಲಿದರೆ ಒರೆಸೋದು ಆಮೇಲೆ. ಮೊದಲು ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿ, ತೆರೆದ ಹಾಗೇ ಬೋರಲು ಹಾಕು. ನಡೀತಿದೆಯಾ ಅಂತ ಪರೀಕ್ಷೆ ಮಾಡೋ ಆತುರದಲ್ಲೇ ಎಷ್ಟೋ ಬೋರ್ಡುಗಳು ಸುಟ್ಟಿವೆ.

ಹುಡುಗಿ: ಅಕ್ಕಿ ಡಬ್ಬದಲ್ಲಿ ಇಡು ಅಂತ ಹಾಸ್ಟೆಲಲ್ಲಿ ಹೇಳಿದರು.

ಚಿಕ್ಕಮ್ಮ: ಒಳಗೆ ಅಂಟಿದ ಸಕ್ಕರೆಯನ್ನು ಅಕ್ಕಿ ಹೇಗೆ ಹೊರಗೆಳೆಯುತ್ತೆ? ಪೋರ್ಟಿನೊಳಗೆ ಅಕ್ಕಿ ನುಚ್ಚು ಸೇರಿಕೊಳ್ಳುತ್ತೆ, ಅಷ್ಟೆ. ಇರು, ಆತುರಪಟ್ಟು ತೀರ್ಮಾನ ಮಾಡೋದು ಬೇಡ. ನನ್ನ ಡಿಟಿಪಿ ಅಂಗಡಿಯ ಯುಎಸ್‌ಬಿ ಕೀಬೋರ್ಡ್ ಚುಚ್ಚಿ ‘ಕರ್ನಾಟಕ’ ಹೊಡಿ.

ಹುಡುಗಿ: ಸರಿಯಾಗಿ ಬಂತು.

ಚಿಕ್ಕಮ್ಮ: ಹಾಗಾದರೆ ವಿಂಡೋಸ್ ಸರಿ ಇದೆ, ನುಡಿ ಸರಿ ಇದೆ. ಈಗ ಆಫ್ ಮಾಡಿ, ವಿಂಡೋಸ್ ಏಳುವುದಕ್ಕೆ ಮುಂಚೆ ಬರುವ ಕಂಪನಿಯ ತಪಾಸಣೆ ಪರದೆಗೆ ಹೋಗು. ಅಲ್ಲೂ ಆ ಕೀಗಳಿಗೆ ಜೀವ ಇಲ್ಲ ಅಂದರೆ ದೋಷ ಕೀಬೋರ್ಡಿನದ್ದೇ. ಕೆಲವರು ಬಲಗಡೆ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿಹಿಡಿದು, ಗೊತ್ತಿಲ್ಲದೆ ಫಿಲ್ಟರ್ ಕೀಸ್ ಆನ್ ಮಾಡಿಕೊಂಡು, ಕೀಬೋರ್ಡ್ ಕೆಟ್ಟಿತು ಅಂತ ದುಡ್ಡು ಕೊಟ್ಟು ಬಂದಿರ್ತಾರೆ. ಅದಕ್ಕೇ ಸ್ಕ್ರೂಡ್ರೈವರ್ ಮುಟ್ಟುವ ಮುಂಚೆ ಈ ಎರಡು ಪರೀಕ್ಷೆ ಆಗಲೇಬೇಕು.

ಹುಡುಗಿ: ಅಲ್ಲೂ ಅವು ಬರ್ತಿಲ್ಲ. ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಾದರೂ ಪ್ರಬಂಧ ಮುಗಿಸೋಣ ಅಂತ ನೋಡಿದೆ. ಅದರಲ್ಲಿ ಒತ್ತಿಗೆ ಡಿ ಕೀ, ಅದು ಬದುಕಿದೆ. ಆದರೆ ‘ನ’ ಇರೋದು ವಿ ಮೇಲೆ, ‘ವ’ ಇರೋದು ಬಿ ಮೇಲೆ, ಗುಡಿಸು ಎಫ್ ಮೇಲೆ, ಕೊಂಬು ಜಿ ಮೇಲೆ. ಎಲ್ಲಿ ಹೋದರೂ ಅದೇ ಎಂಟು ಕೀ ಅಡ್ಡ ಬರುತ್ತೆ.

ಚಿಕ್ಕಮ್ಮ: ತೋರುಬೆರಳಿಗೆ ಬಲ ಜಾಸ್ತಿ. ಕೀಲಿಮಣೆ ವಿನ್ಯಾಸ ಮಾಡುವವರು ಹೆಚ್ಚು ಬಳಕೆಯ ಅಕ್ಷರಗಳನ್ನು ಅದಕ್ಕೆ ಹತ್ತಿರ ಇಡೋದು ಸಹಜ. ನಾನು ಕೂತು ಹೊಡೆಯೋದು ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ, ಅದೇ ಕಗಪ. ಅದರಲ್ಲಿ ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು. ಒತ್ತಕ್ಷರ ಬಂತು ಅಂದರೆ ಎಫ್ ಬೇಕೇ ಬೇಕು. ಇಂಗ್ಲಿಷ್ ಟೈಪ್ ಮಾಡುವವರ ಕೀಬೋರ್ಡಲ್ಲಿ ಇ ಸವೆಯುತ್ತೆ, ಸ್ಪೇಸ್ ಸವೆಯುತ್ತೆ. ನನ್ನ ಕೀಬೋರ್ಡ್ ನೋಡು, ಎಫ್ ಮೇಲಿನ ಅಕ್ಷರ ಪೂರ್ತಿ ಅಳಿಸಿದೆ. ಬೆರಳಿಗೆ ಗುರುತಾಗಲಿ ಅಂತ ಇಟ್ಟಿರುವ ಆ ಸಣ್ಣ ಉಬ್ಬೂ ನುಣುಪಾಗಿದೆ. ಶಿಫ್ಟ್ ನೋಡು. ದೀರ್ಘಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ‘ಣ’ಕ್ಕೆ ಶಿಫ್ಟ್, ‘ಳ’ಕ್ಕೆ ಶಿಫ್ಟ್. ಕರೆಯೋಲೆ, ಪಿಎಚ್‌ಡಿ ಪ್ರಬಂಧ, ಸ್ಮರಣ ಸಂಚಿಕೆ ಅಂತ ದಿನವಿಡೀ ಕನ್ನಡ ಹೊಡೆಯುವ ನಮ್ಮಂಥ ಡಿಟಿಪಿಯವರಿಗೆ ಕೀಬೋರ್ಡ್ ಅನ್ನೋದು ಸವೆದುಹೋಗುವ ಸಾಮಾನು. ಅದನ್ನು ಬದಲಿಸೋದು ಕಲಿಯದೆ ಈ ಕಸುಬು ಮಾಡೋಕಾಗಲ್ಲ.

ಹುಡುಗಿ: ಸರ್ವಿಸ್ ಸೆಂಟರಿಗೆ ಹೋಗಿದ್ದೆ. ಕೀಬೋರ್ಡ್ ಒಂದೇ ಬದಲಿಸೋಕಾಗಲ್ಲ, ಮೇಲ್ಭಾಗ ಪೂರ್ತಿ ಬದಲಿಸಬೇಕು ಅಂದರು. ಅವರು ಹೇಳಿದ ಬೆಲೆ ಕೇಳಿ ಅಪ್ಪ ಹೊಸ ಲ್ಯಾಪ್‌ಟಾಪನ್ನೇ ತಗೊಂಡುಬಿಡು ಅಂದರು. ನೀರು ಬಿದ್ದಿದ್ದಕ್ಕೆ ವಾರಂಟಿಯೂ ಇಲ್ಲವಂತೆ.

ಚಿಕ್ಕಮ್ಮ: ಮೂಗಿಗಿಂತ ಮೂಗುತಿ ಭಾರ. ಪರದೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ, ಬೋರ್ಡು ಚೆನ್ನಾಗಿದೆ. ಬೆಳ್ಳಿಯ ಒಂದು ಗೆರೆ ತುಂಡಾಗಿದೆ ಅಂತ ಇಡೀ ಯಂತ್ರ ಎಸೆಯಬೇಕಾ? ಹಾಗಂತ ಅವರು ಸುಳ್ಳು ಹೇಳಿದ್ದಾರೆ ಅಂತ ನಾನು ಅನ್ನಲ್ಲ. ಕಂಪನಿ ಅವರಿಗೆ ಆ ಬಿಡಿಭಾಗವನ್ನು ಹಾಗೇ ಕಳಿಸುತ್ತೆ. ರಿಪೇರಿ ಅಂಗಡಿಯವರ ಮಾತಲ್ಲಿ ಲ್ಯಾಪ್‌ಟಾಪಿನ ಹೊರಮೈ ನಾಲ್ಕು ಪ್ಯಾನೆಲ್. ಎ ಅಂದರೆ ಮುಚ್ಚಳ, ಬಿ ಅಂದರೆ ಪರದೆಯ ಸುತ್ತಿನ ಚೌಕಟ್ಟು, ಸಿ ಅಂದರೆ ಅಂಗೈ ಊರುವ, ಕೀಬೋರ್ಡ್ ಕೂರುವ ಭಾಗ, ಡಿ ಅಂದರೆ ತಳ. ನಿನ್ನದರಲ್ಲಿ ಕೀಬೋರ್ಡು ಸಿ ಪ್ಯಾನೆಲ್‌ಗೆ ಬೆಸೆದುಕೊಂಡಿದೆ. ಕಂಪನಿ ಲೆಕ್ಕದಲ್ಲಿ ಅವೆರಡೂ ಒಂದೇ ಸಾಮಾನು.

ಹುಡುಗಿ: ನಿಮ್ಮದರಲ್ಲಿ?

ಚಿಕ್ಕಮ್ಮ: ನನ್ನದು ಥಿಂಕ್‌ಪ್ಯಾಡ್ ಟಿ430, 2012ರ ಮಾಡೆಲ್, ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತಿರುಗಿಸಿ ನೋಡು. ತಳದಲ್ಲಿ ಸ್ಕ್ರೂ ಪಕ್ಕ ಕೀಬೋರ್ಡಿನ ಪುಟಾಣಿ ಚಿತ್ರ ಇದೆ, ಕಾಣುತ್ತಾ? ಕೀಬೋರ್ಡ್ ತೆಗೆಯೋಕೆ ಇಂಥ ಸ್ಕ್ರೂನೇ ಬಿಚ್ಚಬೇಕು ಅಂತ ಮಾಡಿದವರೇ ಗುರುತು ಹಾಕಿಟ್ಟಿದ್ದಾರೆ. ಬ್ಯಾಟರಿಯ ಕ್ಲಿಪ್ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತೆ. ಗುರುತಿನ ಸ್ಕ್ರೂ ಬಿಚ್ಚಿ, ಕೀಬೋರ್ಡನ್ನು ಪರದೆ ಕಡೆ ಸ್ವಲ್ಪ ತಳ್ಳಿದರೆ ಮುಂದಿನ ಅಂಚು ಏಳುತ್ತೆ. ಎತ್ತಿ, ಕೆಳಗಿನ ಕನೆಕ್ಟರ್ ಬಿಡಿಸಿದರೆ ಮುಗಿಯಿತು. ಇದನ್ನೆಲ್ಲ ಚಿತ್ರ ಸಮೇತ ವಿವರಿಸುವ ರಿಪೇರಿ ಕೈಪಿಡಿಯನ್ನು ಲೆನೊವೊದವರೇ ಎಲ್ಲರಿಗೂ ಉಚಿತವಾಗಿ ಕೊಡ್ತಾರೆ. ಡೆಲ್, ಎಚ್‌ಪಿ ಕೂಡ ತಮ್ಮ ಬಹಳಷ್ಟು ಮಾಡೆಲ್‌ಗಳಿಗೆ ಕೊಡ್ತಾರೆ. ಇದರ ಹಿಂದಿನ ಟಿ420ರ ಕೀಬೋರ್ಡ್ ಏಳು ಸಾಲಿನದ್ದು, ಅದರ ಮೇಲೆ ಬೆರಳು ಕೂರುವ ರೀತಿಯೇ ಬೇರೆ. ಅದರ ಅಂಚು ಸ್ವಲ್ಪ ಕೆತ್ತಿ ಟಿ430ಗೆ ಕೂರಿಸಿಕೊಂಡ ಅಭಿಮಾನಿಗಳೂ ಇದ್ದಾರೆ. ಬಿಚ್ಚಲು ಬರುವ ಯಂತ್ರದ ಮೇಲೆ ಜನರಿಗೆ ಎಂಥ ಪ್ರೀತಿ ಹುಟ್ಟುತ್ತೆ ನೋಡು.

ಹುಡುಗಿ: ಆದರೆ ನಿಮ್ಮದು ಎಷ್ಟು ದಪ್ಪ! ಸ್ಕ್ರೂಗೆ ಜಾಗ ಬೇಕಲ್ಲ. ತೆಳ್ಳಗಿರಲಿ ಅಂತ ತಾನೆ ನನ್ನದನ್ನು ಹಾಗೆ ಮಾಡಿರೋದು? ನಾನು ತಗೊಂಡಿದ್ದೂ ತೆಳ್ಳಗಿದೆ ಅಂತಲೇ. ಬ್ಯಾಗಲ್ಲಿ ಹೊತ್ತು ತಿರುಗೋಳು ನಾನು.

ಚಿಕ್ಕಮ್ಮ: ನಿನ್ನ ಮಾತಲ್ಲೂ ನ್ಯಾಯ ಇದೆ. ಬೆಸೆದು ಕೂರಿಸಿದರೆ ಕೀಬೋರ್ಡ್ ಗಟ್ಟಿಯಾಗಿ ನಿಲ್ಲುತ್ತೆ, ಒತ್ತಿದಾಗ ನಡುವೆ ಬಾಗಲ್ಲ. ಕಾರ್ಖಾನೆಯಲ್ಲಿ ಒಂದೊಂದೇ ಸ್ಕ್ರೂ ತಿರುಗಿಸುವ ಬದಲು ಬಿಸಿ ಅಚ್ಚು ಒತ್ತಿದರೆ ಒಂದೇ ಏಟಿಗೆ ಮುಗಿಯುತ್ತೆ, ಖರ್ಚು ಉಳಿಯುತ್ತೆ. ಅಲ್ಲಿ ಉಳಿದ ಖರ್ಚು ಎಲ್ಲಿ ಹೋಯಿತು ಅಂತ ಕೇಳು. ಕೀಬೋರ್ಡ್ ಕೆಟ್ಟ ದಿನ ನಿಮ್ಮಪ್ಪನ ಜೇಬಿನ ಮೇಲೆ ಬಿತ್ತು. ಇನ್ನು ತೆಳ್ಳಗಿನ ಮಾತು. 2021ರಲ್ಲಿ ಅಮೆರಿಕದ ಫ್ರೇಮ್‌ವರ್ಕ್ ಅನ್ನೋ ಕಂಪನಿ ಒಂದು ಲ್ಯಾಪ್‌ಟಾಪ್ ತಂತು. ದಪ್ಪ 16 ಮಿಲಿಮೀಟರ್‌ಗಿಂತ ಕಮ್ಮಿ. ತಳದಲ್ಲಿ ಐದು ಸ್ಕ್ರೂ ಸಡಿಲಿಸಿದರೆ ಸಾಕು, ಕೀಬೋರ್ಡ್ ಇರುವ ಮೇಲ್ಭಾಗ ಎದ್ದು ಬರುತ್ತೆ. ಆ ಸ್ಕ್ರೂಗಳು ಕೂಡ ಕಳೆದುಹೋಗದ ಹಾಗೆ ತಳಕ್ಕೇ ಅಂಟಿಕೊಂಡಿರುತ್ತವೆ. ಸ್ಕ್ರೂಡ್ರೈವರನ್ನೂ ಡಬ್ಬದಲ್ಲೇ ಇಟ್ಟು ಕೊಟ್ಟರು. ತೆಳ್ಳಗಿದ್ದೂ ಬಿಚ್ಚುವ ಹಾಗಿರಬಹುದು ಅನ್ನೋದಕ್ಕೆ ಅದೇ ಸಾಕ್ಷಿ.

ಹುಡುಗಿ: ಆಪಲ್‌ನವರು ಕೂಡ ಬೆಸೆದೇ ಮಾಡ್ತಾರಲ್ಲ? ಎಲ್ಲರೂ ಅದನ್ನೇ ಒಳ್ಳೆಯದು ಅಂತಾರೆ.

ಚಿಕ್ಕಮ್ಮ: ಅವರದೇ ಕಥೆ ಕೇಳು ಹಾಗಾದರೆ. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೊದಲ್ಲಿ ಕೀಬೋರ್ಡ್ ಇರುವ ಮೇಲ್ಭಾಗಕ್ಕೇ ಬ್ಯಾಟರಿಯನ್ನೂ ಅಂಟಿಸಿದರು. 2015ರಲ್ಲಿ 12 ಇಂಚಿನ ಮ್ಯಾಕ್‌ಬುಕ್‌ಗೆ, ಮರುವರ್ಷ ಮ್ಯಾಕ್‌ಬುಕ್ ಪ್ರೊಗೆ ಬಟರ್‌ಫ್ಲೈ ಅನ್ನೋ ತೀರಾ ತೆಳ್ಳನೆಯ ಕೀಗಳು ಬಂದವು. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಕೀ ಏಳಲ್ಲ, ಇಲ್ಲವೇ ಒಂದು ಸಲ ಒತ್ತಿದರೆ ಅಕ್ಷರ ಎರಡು ಸಲ ಬೀಳುತ್ತೆ ಅಂತ ದೂರುಗಳ ಮೇಲೆ ದೂರು. ಬೇರೆ ಕಡೆಯಾಗಿದ್ದರೆ ಕೀಬೋರ್ಡ್ ಒಂದನ್ನು ಬದಲಿಸಿದ್ದರೆ ಮುಗೀತಿತ್ತು. ಇಲ್ಲಿ ಬ್ಯಾಟರಿ ಸಮೇತ ಮೇಲ್ಭಾಗ ಪೂರ್ತಿ ಬದಲಿಸಬೇಕು. 2018ರ ಜೂನ್‌ನಲ್ಲಿ, ಕೊಂಡ ನಾಲ್ಕು ವರ್ಷದೊಳಗೆ ಕೀಬೋರ್ಡ್ ಕೆಟ್ಟರೆ ಉಚಿತವಾಗಿ ಸರಿಮಾಡಿ ಕೊಡ್ತೀವಿ ಅಂತ ಕಂಪನಿಯೇ ಹೇಳಬೇಕಾಯಿತು. 2019ರ ನವೆಂಬರ್‌ನಲ್ಲಿ 16 ಇಂಚಿನ ಮಾಡೆಲ್‌ಗೆ ಕತ್ತರಿಯಾಕಾರದ ಹಳೆಯ ಕ್ಲಿಪ್ಪೇ ಮರಳಿ ಬಂತು. ಅಮೆರಿಕದಲ್ಲಿ ಗ್ರಾಹಕರು ಒಟ್ಟಾಗಿ ಹೂಡಿದ್ದ ಮೊಕದ್ದಮೆಯಲ್ಲಿ 2022ರಲ್ಲಿ 5 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡರು. ವಿನ್ಯಾಸದಲ್ಲಿ ಯಾರಿಂದ ಬೇಕಾದರೂ ತಪ್ಪಾಗಬಹುದು. ಆದರೆ ಸವೆಯುವ ಭಾಗವನ್ನು ಸವೆಯದ ಭಾಗಕ್ಕೆ ಕಟ್ಟಿಹಾಕಿದರೆ ಸಣ್ಣ ತಪ್ಪೂ ಬೆಟ್ಟದಷ್ಟಾಗುತ್ತೆ.

ಹುಡುಗಿ: ಇದಕ್ಕೆಲ್ಲ ಕಾನೂನು ಇಲ್ಲವಾ?

ಚಿಕ್ಕಮ್ಮ: ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪ್ ಮಾರುವಾಗ ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ ಹತ್ತಕ್ಕೆ ಇಷ್ಟು ಅಂಕ ಅಂತ ಬೆಲೆಯ ಪಕ್ಕದಲ್ಲೇ ತೋರಿಸಬೇಕು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನ, ರಿಪೇರಿ ಹಕ್ಕಿಗೆ ಅಂತಲೇ ಒಂದು ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ವಿವರ ಎಲ್ಲ ಒಂದೇ ಕಡೆ ಸಿಗಲಿ ಅನ್ನೋದು ಉದ್ದೇಶ. ನನ್ನ ಕೇಳಿದರೆ, ಫ್ರಾನ್ಸಿನ ಹಾಗೆ ನಮ್ಮಲ್ಲೂ ಆ ಅಂಕ ಅಂಗಡಿಯ ಗಾಜಿನ ಮೇಲೆ ಕಾಣಬೇಕು. ಕೊಳ್ಳುವ ಹೊತ್ತಿಗೆ ಗೊತ್ತಾಗದ ಹಕ್ಕು ಕೆಟ್ಟಮೇಲೆ ಗೊತ್ತಾದರೆ ಏನು ಬಂತು?

ಹುಡುಗಿ: ಸರಿ, ಈಗ ನನ್ನದನ್ನು ಏನು ಮಾಡೋದು? ಬೆಸೆದಿದ್ದನ್ನು ಮನೆಯಲ್ಲಿ ಬಿಡಿಸೋಕಾಗುತ್ತಾ?

ಚಿಕ್ಕಮ್ಮ: ಆಗುತ್ತೆ. ಕೆಲಸ ಜಾಸ್ತಿ, ಅಷ್ಟೆ. ಹೊರಗಡೆ ನಿನ್ನ ಮಾಡೆಲ್‌ಗೆ ಕೀಬೋರ್ಡ್ ಬಿಡಿಯಾಗಿ ಸಿಗುತ್ತೆ. ಮೊದಲು ಪ್ರಬಂಧ, ಫೋಟೊ ಎಲ್ಲ ಪೆನ್‌ಡ್ರೈವ್‌ಗೆ ಹಾಕಿಕೋ. ಆಮೇಲೆ ಬಿಚ್ಚಿ, ಹಳೆ ಕೀಬೋರ್ಡಿನ ಬೆನ್ನಿಗೆ ಅಂಟಿಸಿರುವ ಚೀಟಿಯ ನಂಬರ್ ನೋಡಿ ಆರ್ಡರ್ ಮಾಡೋಣ. ಮಾಡೆಲ್ ನಂಬರ್ ಒಂದನ್ನೇ ನಂಬಬಾರದು. ಒಂದೇ ಮಾಡೆಲ್ಲಿಗೆ ದೀಪ ಇರುವ ಕೀಬೋರ್ಡೂ ಇರುತ್ತೆ, ಇಲ್ಲದ್ದೂ ಇರುತ್ತೆ. ಎಂಟರ್ ಕೀ ಉದ್ದಕ್ಕೆ ಮಲಗಿದ್ದರೆ ಅಮೆರಿಕದ ವಿನ್ಯಾಸ, ಎರಡು ಸಾಲು ಎತ್ತರಕ್ಕೆ ನಿಂತಿದ್ದರೆ ಬ್ರಿಟನ್ನಿನದ್ದು. ನಮ್ಮಲ್ಲಿ ಮಾರುವುದು ಹೆಚ್ಚಾಗಿ ಮೊದಲನೆಯದು. ಕೆಲವದರಲ್ಲಿ 4ರ ಮೇಲೆ ರೂಪಾಯಿ ಚಿಹ್ನೆ ಇರುತ್ತೆ, ಅದಿಲ್ಲದ್ದು ಸಿಕ್ಕರೂ ಚಿಂತೆ ಇಲ್ಲ, ಕೆಲಸ ಒಂದೇ. ಬೆನ್ನಿಂದ ಹೊರಡುವ ರಿಬ್ಬನ್ ಎಲ್ಲಿದೆ, ಎಷ್ಟು ಅಗಲ ಅನ್ನೋದು ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

ಹುಡುಗಿ: ರಿಪೇರಿ ಅಂಗಡಿಯವರಿಗೆ ಕೊಟ್ಟುಬಿಟ್ಟರೆ? ಅವರೂ ಬದುಕಬೇಕಲ್ಲ. ಎಲ್ಲರೂ ಮನೆಯಲ್ಲೇ ಮಾಡಿಕೊಂಡರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವಾ?

ಚಿಕ್ಕಮ್ಮ: ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದೆ. ನನಗೆ ಕಲಿಸಿದ್ದು ಅಂಥ ಒಬ್ಬ ರಿಪೇರಿಯವರೇ. ಕೈಯಲ್ಲಿ ಬಿಡುವಿಲ್ಲದಿದ್ದಾಗ ಈಗಲೂ ಅವರ ಹತ್ತಿರವೇ ಕೊಡ್ತೀನಿ. ಬೋರ್ಡಿನ ಐಸಿ ಬದಲಿಸೋದು, ಚಾರ್ಜಿಂಗ್ ಸರ್ಕ್ಯೂಟ್ ಹುಡುಕೋದು ಅವರ ವಿದ್ಯೆ. ಅದಕ್ಕೆ ನಾನು ಕೈ ಹಾಕಲ್ಲ, ನೀನೂ ಹಾಕಬೇಡ. ಕೀಬೋರ್ಡು ಹಾಗಲ್ಲ, ತಾಳ್ಮೆ ಇರೋರು ಯಾರು ಬೇಕಾದರೂ ಮಾಡಬಹುದು. ನಾನು ಮನೆಯಲ್ಲೇ ಮಾಡು ಅನ್ನೋದು ದುಡ್ಡು ಉಳಿಸೋಕಷ್ಟೇ ಅಲ್ಲ. ಲ್ಯಾಪ್‌ಟಾಪ್ ಹೊರಗೆ ಹೋದರೆ ಪಾಸ್‌ವರ್ಡ್ ಕೊಡಬೇಕಾಗುತ್ತೆ. ನಿನ್ನ ಫೋಟೊ, ಪತ್ರ, ಬ್ಯಾಂಕಿನ ಲೆಕ್ಕ ಎಲ್ಲ ಅದರೊಳಗೇ ಇವೆ. ಇನ್ನೊಂದು, ಒಂದು ಸಲ ಒಳಗೆ ಕಣ್ಣಾಡಿಸಿದರೆ ಮುಂದೆ ಯಾರಾದರೂ ‘ಬೋರ್ಡ್ ಹೋಗಿದೆ’ ಅಂದಾಗ ಯಾವ ಬೋರ್ಡು, ಹೇಗೆ ಗೊತ್ತಾಯಿತು ಅಂತ ಕೇಳುವ ಧೈರ್ಯ ಬರುತ್ತೆ. ಒಳ್ಳೆಯ ರಿಪೇರಿಯವರು ಅಂಥ ಗಿರಾಕಿಯನ್ನು ಇಷ್ಟಪಡ್ತಾರೆ.

(ಕೀಬೋರ್ಡ್ ಬಂದ ಮೇಲೆ)

ಹುಡುಗಿ: ಹೊಸ ಕೀಬೋರ್ಡ್ ಬಾಗಿಲ್ಲ, ರಿಬ್ಬನ್ ಮಡಿಕೆ ಬಿದ್ದಿಲ್ಲ, ಚೀಟಿಯ ನಂಬರ್ ಹೊಂದುತ್ತೆ. ಚಾರ್ಜರ್ ತೆಗೆದು, ಆಫ್ ಮಾಡಿ, ಪವರ್ ಬಟನ್ ಕೂಡ ಒತ್ತಿ ಹಿಡಿದೆ. ಇನ್ನೇನು?

ಚಿಕ್ಕಮ್ಮ: ಒಂದು ಬಿಳಿ ಹಾಳೆ ತಗೋ. ತಳದ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಡು. ಮೊನ್ನೆ ಬಿಚ್ಚಿದಾಗ ನೋಡಿದೆಯಲ್ಲ, ಒಂದೊಂದರ ಉದ್ದ ಒಂದೊಂದು. ಗಿಡ್ಡ ಸ್ಕ್ರೂ ಜಾಗದಲ್ಲಿ ಉದ್ದನೆಯದು ಹಾಕಿ ಬಿಗಿದರೆ ಮೇಲಿನ ಪ್ಯಾನೆಲ್ ಉಬ್ಬಿ ಬರುತ್ತೆ, ಇಲ್ಲವೇ ಬೋರ್ಡಿಗೇ ಚುಚ್ಚುತ್ತೆ. ಹಿಂದಿನ ರಬ್ಬರ್ ಪಟ್ಟಿಯ ಕೆಳಗೂ ಎರಡಿವೆ, ಮರೆಯಬೇಡ. ಸ್ಟಾರ್ ಸ್ಕ್ರೂಡ್ರೈವರ್ ಸಣ್ಣದೇ ಇರಲಿ, ಆದರೆ ತಲೆಗೆ ಸರಿಯಾಗಿ ಕೂರಬೇಕು. ಒತ್ತು ಜಾಸ್ತಿ, ತಿರುಗಿಸೋದು ನಿಧಾನ. ಸಡಿಲ ಡ್ರೈವರಲ್ಲಿ ತಿರುಗಿಸಿದರೆ ಸ್ಕ್ರೂ ತಲೆ ಸವೆದು ಅಲ್ಲೇ ಉಳಿಯುತ್ತೆ.

ಹುಡುಗಿ: ತಳ ಬಿಡ್ತಿಲ್ಲ.

ಚಿಕ್ಕಮ್ಮ: ಕಬ್ಬಿಣದ್ದು ಏನೂ ತೂರಿಸಬೇಡ. ಹಳೆಯ ಎಟಿಎಂ ಕಾರ್ಡ್ ತಗೊಂಡು ಹಿಂಜಿನ ಕಡೆಯಿಂದ ಅಂಚಿನಲ್ಲಿ ಜಾರಿಸುತ್ತಾ ಬಾ. ಟಕ್ ಟಕ್ ಅಂತ ಶಬ್ದ ಬಂದರೆ ಹೆದರಬೇಡ, ಅದು ಕ್ಲಿಪ್ ಬಿಡುತ್ತಿರುವುದು. ಈಗ ಮೊಟ್ಟಮೊದಲು ಬ್ಯಾಟರಿಯ ಕನೆಕ್ಟರ್. ಅದು ಬಿಡದ ಹೊರತು ಬೇರೆ ಯಾವುದನ್ನೂ ಮುಟ್ಟಬಾರದು. ತಂತಿ ಹಿಡಿದು ಎಳೀಬೇಡ, ಪ್ಲಾಸ್ಟಿಕ್ ತಲೆಯ ಎರಡೂ ಕಿವಿಯನ್ನು ಉಗುರಿನಿಂದ ಹಿಂದಕ್ಕೆ ತಳ್ಳು. ಹಾಗೇ.

ಹುಡುಗಿ: ರಿಬ್ಬನ್ ಎರಡಿವೆ. ಒಂದು ಅಗಲ, ಒಂದು ಸಣ್ಣದು.

ಚಿಕ್ಕಮ್ಮ: ಅಗಲದ್ದು ಕೀಗಳದ್ದು, ಸಣ್ಣದು ದೀಪದ್ದು. ಈಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡು, ಇಡೀ ಕೆಲಸದಲ್ಲಿ ನಾಜೂಕಾದ ಜಾಗ ಇದೇ. ಕನೆಕ್ಟರಿನ ಬಿಳಿ ಮೈ ಮೇಲೆ ಕಪ್ಪು ಪಟ್ಟಿ ಇದೆಯಲ್ಲ, ಅದು ಲಾಕ್. ಒಂದು ತುದಿ ಕೀಲಿನಲ್ಲಿ ನಿಂತಿದೆ, ಇನ್ನೊಂದು ತುದಿ ಮೇಲೇಳುತ್ತೆ. ಉಗುರು ಅಂಚಿಗೆ ಕೊಟ್ಟು ಮೆಲ್ಲಗೆ ಎತ್ತು. ನೆಟ್ಟಗೆ ನಿಂತಿತಾ? ಈಗ ರಿಬ್ಬನ್ ತಾನಾಗಿಯೇ ಬರುತ್ತೆ, ಎಳೆಯುವ ಬಲವೇ ಬೇಡ. ಬಲ ಬೇಕಾಯಿತು ಅಂದರೆ ಲಾಕ್ ಇನ್ನೂ ಎದ್ದಿಲ್ಲ ಅಂತ ತಿಳಿ. ಕೆಲವು ಕನೆಕ್ಟರಿನಲ್ಲಿ ಲಾಕ್ ಮೇಲೇಳಲ್ಲ, ಎರಡು ತುದಿಯನ್ನೂ ಹಿಡಿದು ಒಂದೆರಡು ಮಿಲಿಮೀಟರ್ ಹೊರಗೆ ಜಾರಿಸಬೇಕು. ನೋಡದೆ ಎತ್ತಲು ಹೋದರೆ ಮುರಿಯುತ್ತೆ. ಈ ಕಪ್ಪು ಪಟ್ಟಿ ಮುರಿದರೆ ಹೊಸ ಕೀಬೋರ್ಡ್ ತಂದೂ ಪ್ರಯೋಜನ ಇಲ್ಲ, ಬೋರ್ಡಿನ ಕನೆಕ್ಟರನ್ನೇ ಬದಲಿಸಬೇಕಾಗುತ್ತೆ.

ಹುಡುಗಿ: ಬಂತು! ಎರಡೂ ಬಂದವು.

ಚಿಕ್ಕಮ್ಮ: ಇನ್ನು ಫ್ಯಾನು, ಸ್ಪೀಕರು, ಬೋರ್ಡು. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೊ ತೆಗಿ. ಬೋರ್ಡನ್ನು ಅಂಚು ಹಿಡಿದು ಎತ್ತು. ಈಗ ಕಾಣುತ್ತಿದೆಯಾ, ಕೀಬೋರ್ಡಿನ ತಗಡಿನ ಬೆನ್ನು, ಅದರ ತುಂಬ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ಗುಂಡುಗಳು? ಪ್ಯಾನೆಲಿನ ಪ್ಲಾಸ್ಟಿಕ್ ಗೂಟಗಳು ತಗಡಿನ ತೂತಿನಿಂದ ಹೊರಬಂದಿವೆ, ತಲೆಯನ್ನು ಬಿಸಿಯಲ್ಲಿ ಕರಗಿಸಿ ಚಪ್ಪಟೆ ಮಾಡಿದ್ದಾರೆ. ನಾನು ಹೇಳಿದ ಬೆಸುಗೆ ಇದು. ಸ್ಕ್ರೂ ಹಾಕಿದ್ದರೆ ತಿರುಗಿಸಿ ತೆಗೆಯಬಹುದಿತ್ತು. ಇದನ್ನು ಮುರಿಯದೆ ತೆಗೆಯುವ ದಾರಿಯನ್ನೇ ಇಟ್ಟಿಲ್ಲ.

ಹುಡುಗಿ: ಎಷ್ಟೊಂದಿವೆ! ಇಷ್ಟನ್ನೂ ಕತ್ತರಿಸಬೇಕಾ?

ಚಿಕ್ಕಮ್ಮ: ತಲೆಯನ್ನು ಮಾತ್ರ. ಚೂಪಾದ ಬ್ಲೇಡನ್ನು ತಗಡಿನ ಮೇಲೆ ಮಲಗಿಸಿ ಹೆರೆದರೆ ಗೂಟದ ಬುಡ ಪ್ಯಾನೆಲಲ್ಲೇ ಉಳಿಯುತ್ತೆ. ಬುಡ ಎಷ್ಟು ಉಳಿಯುತ್ತೋ ಹೊಸದನ್ನು ಕೂರಿಸೋದು ಅಷ್ಟು ಸಲೀಸು. ತಗಡನ್ನು ಮೀಟಿ ಕಿತ್ತರೆ ಬೇಗ ಬರುತ್ತೆ ನಿಜ, ಆದರೆ ಗೂಟ ಬುಡಸಮೇತ ಹಾರಿಹೋಗುತ್ತೆ. ಅವಸರ ಇಲ್ಲ.

ಹುಡುಗಿ: ಬಂತು ಚಿಕ್ಕಮ್ಮ. ಅಯ್ಯೋ, ಇಲ್ಲಿ ನೋಡಿ, ಹಾಳೆಯ ನಡುವೆ ಕಂದು ಕಲೆ. ಅದರ ಮೇಲೆ ಹಾದುಹೋಗೋ ಗೆರೆ ಕಪ್ಪಾಗಿ ತುಂಡಾಗಿದೆ. ಎಂಟು ಕೀಗೂ ಇಷ್ಟೇನಾ ಕಾರಣ?

ಚಿಕ್ಕಮ್ಮ: ಇಷ್ಟೇ. ಆ ಗೆರೆ ಅಷ್ಟು ಸಣ್ಣದು. ಈ ಹಾಳೆಗಳನ್ನು ಬಿಡಿಸಿ, ಗೆರೆ ಸರಿಪಡಿಸಿ, ಮತ್ತೆ ಹಿಂದಿನ ಹಾಗೆ ಅಂಟಿಸೋದು ಆಗದ ಮಾತು. ಅದಕ್ಕೇ ಲ್ಯಾಪ್‌ಟಾಪ್ ಕೀಬೋರ್ಡನ್ನು ರಿಪೇರಿ ಮಾಡಲ್ಲ, ಬದಲಿಸ್ತಾರೆ. ಹೊಸದನ್ನು ಗೂಟಗಳ ಮೇಲೆ ಇಡು. ಕೀಗಳೆಲ್ಲ ಕಿಂಡಿಯಲ್ಲಿ ಸಮನಾಗಿ ಕೂತಿವೆಯಾ ಅಂತ ಮೇಲಿನಿಂದ ಒತ್ತಿ ನೋಡು. ಈಗ ಸೋಲ್ಡರಿಂಗ್ ಐರನ್ ತೀರಾ ಕಾಯಿಸದೆ, ತುದಿಯನ್ನು ಗೂಟದ ಮೇಲೆ ಕ್ಷಣ ಮಾತ್ರ ಇಟ್ಟು ತೆಗಿ, ತಲೆ ಹರಡಿಕೊಳ್ಳುತ್ತೆ. ಮೊದಲು ನಾಲ್ಕು ಮೂಲೆ, ಆಮೇಲೆ ನಡು. ಕಿಟಕಿ ತೆಗೆದಿರಲಿ, ಪ್ಲಾಸ್ಟಿಕ್ ಹೊಗೆ ಒಳ್ಳೆಯದಲ್ಲ. ಗೂಟ ಪೂರ್ತಿ ಹೋದ ಕಡೆ ಅರಾಲ್ಡೈಟ್ ಕಲಸಿ, ಕಡ್ಡಿ ತುದಿಯಲ್ಲಿ ಒಂದೊಂದು ಚುಕ್ಕೆ ಇಡು. ಚುಕ್ಕೆ ಅಂದರೆ ಚುಕ್ಕೆ, ಹರಿದು ಕೀ ಕಡೆಗೆ ಹೋಗಬಾರದು. ಇವತ್ತು ಇಷ್ಟಕ್ಕೇ ಬಿಡೋಣ. ರಾತ್ರಿ ಪೂರ್ತಿ ಒಣಗಲಿ, ಮೇಲೆ ಭಾರಕ್ಕೆ ನಾಲ್ಕು ಪುಸ್ತಕ ಹೇರು.

(ಮರುದಿನ)

ಹುಡುಗಿ: ಗಟ್ಟಿಯಾಗಿ ಕೂತಿದೆ, ನಡುವೆ ಒತ್ತಿದರೂ ಬಾಗ್ತಿಲ್ಲ. ಬೋರ್ಡು, ಸ್ಪೀಕರು, ಫ್ಯಾನು ಮತ್ತೆ ಕೂರಿಸಿ, ರಿಬ್ಬನ್ ಎರಡನ್ನೂ ಸೇರಿಸಿ ಲಾಕ್ ಇಳಿಸಿದೆ. ಕೊನೆಗೆ ಬ್ಯಾಟರಿ ಕೊಟ್ಟೆ. ತಳ ಮುಚ್ಚಿಬಿಡಲಾ?

ಚಿಕ್ಕಮ್ಮ: ಮುಚ್ಚುವ ಮುಂಚೆ ರಿಬ್ಬನ್ ತುದಿಯಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇರುತ್ತೆ, ಅದು ಕನೆಕ್ಟರಿನ ಬಾಯಿಗೆ ಸಮಾನಾಂತರವಾಗಿ ನಿಂತಿದೆಯಾ ನೋಡು. ಒಂದು ಕಡೆ ವಾಲಿದ್ದರೆ ಒಂದಷ್ಟು ಕೀ ಬರುತ್ತೆ, ಒಂದಷ್ಟು ಬರಲ್ಲ, ಹೊಸ ಕೀಬೋರ್ಡೇ ಕೆಟ್ಟಿದೆ ಅಂತ ಜನ ಜಗಳಕ್ಕೆ ಹೋಗ್ತಾರೆ. ಸರಿಯಿದ್ದರೆ ತಳವನ್ನು ಸ್ಕ್ರೂ ಹಾಕದೆ ಹಾಗೇ ಇಟ್ಟು ಆನ್ ಮಾಡು. ಎಲ್ಲಾ ಕೀ ಒಂದೊಂದಾಗಿ ಒತ್ತು. ಫಂಕ್ಷನ್ ಸಾಲು, ಬಾಣದ ಗುರುತು, ಎರಡೂ ಶಿಫ್ಟ್, ದೀಪ ಯಾವುದನ್ನೂ ಬಿಡಬೇಡ.

ಹುಡುಗಿ: ಎಲ್ಲಾ ಬರ್ತಿವೆ. ನುಡಿ ತೆರೆದು ‘ಕರ್ನಾಟಕ’ ಹೊಡೆದೆ. ‘ಬರವಣಿಗೆ’, ‘ವಸ್ತುನಿಷ್ಠ’, ‘ಗ್ರಂಥಸಂಪಾದನೆ’ ಎಲ್ಲ ಹೊಡೆದೆ. ಒತ್ತು ನೆಟ್ಟಗೆ ಬೀಳುತ್ತಿದೆ. ಹಳೆಯ ಕೀಬೋರ್ಡ್ ಕಸಕ್ಕೆ ಹಾಕಲಾ?

ಚಿಕ್ಕಮ್ಮ: ಬೇಡ, ಇ-ತ್ಯಾಜ್ಯ ತಗೊಳ್ಳುವವರಿಗೇ ಕೊಡಬೇಕು. 2023ರ ಏಪ್ರಿಲ್‌ನಿಂದ ಜಾರಿಯಾದ ಹೊಸ ನಿಯಮದಲ್ಲೂ ಅದು ಮನೆಕಸದ ಜೊತೆ ಹೋಗುವ ಸಾಮಾನಲ್ಲ. ಅದಕ್ಕೂ ಮುಂಚೆ ಅದರ ಕೀಗಳನ್ನೆಲ್ಲ ಬಿಡಿಸಿಡು. ಕ್ಲಿಪ್ ಸಮೇತ ಬರುತ್ತವೆ, ನಾಳೆ ನಿನ್ನದೇ ಒಂದು ಕೀ ಮುರಿದರೆ ಬೇಕಾಗುತ್ತೆ. ಈಗ ಸ್ಕ್ರೂ ಹಾಕು. ಒಂದನ್ನೇ ಪೂರ್ತಿ ಬಿಗಿಯಬೇಡ, ಎಲ್ಲವನ್ನೂ ಅರ್ಧ ಅರ್ಧ ಕೂರಿಸಿಕೊಂಡು ಆಮೇಲೆ ಬಿಗಿ.

ಹುಡುಗಿ: ಹಾಸ್ಟೆಲಲ್ಲಿ ನನ್ನ ರೂಮ್‌ಮೇಟಿಗೆ ಸ್ಪೇಸ್ ಬಾರ್ ಒಂದು ಕಡೆ ಒತ್ತಿದರೆ ಬರುತ್ತೆ, ಇನ್ನೊಂದು ಕಡೆ ಬರಲ್ಲ. ಅವಳಿಗೂ ಕೀಬೋರ್ಡ್ ತರಿಸಬೇಕಾಗುತ್ತಾ?

ಚಿಕ್ಕಮ್ಮ: ಒಂದೇ ಕೀ ತಾನೆ? ಬೇಕಾಗಲಿಕ್ಕಿಲ್ಲ. ಸ್ಪೇಸ್ ಬಾರಿನ ಕೆಳಗೆ ಉದ್ದಕ್ಕೆ ಒಂದು ಕಂಬಿ ಇರುತ್ತೆ, ಎರಡು ತುದಿಯೂ ಒಟ್ಟಿಗೆ ಇಳಿಯಲಿ ಅಂತ. ಅದು ಕೊಂಡಿಯಿಂದ ತಪ್ಪಿರಬಹುದು, ಇಲ್ಲ ಕ್ಲಿಪ್ ಮುರಿದಿರಬಹುದು. ಕೀ ಎತ್ತಿ ಕೆಳಗಿನದರ ಫೋಟೊ ಕಳಿಸೋಕೆ ಹೇಳು, ಮಾಡೆಲ್ ನಂಬರ್ ಜೊತೆಗೆ. ರಬ್ಬರ್ ಬಟ್ಟಲು ಹರಿದಿಲ್ಲ ಅಂದರೆ ಕಂಬಿ ಕೂರಿಸಿದರೆ ಸಾಕು.